ಹೊಳೆಹಕ್ಕಿಗೆ ಚೆಲ್ಲಿದ ಚರಗ

ಹಂಪಮ್ಮನ ಕೈ ದೊಡ್ಡದು ಎಂಬುದು ಮಕ್ತಲ್ ಕಡೆಯ ಆ ಹೊಳೆದಂಡೆಯ ಊರಿನಲ್ಲಿ ಎಲ್ಲರಿಗೂ ಗೊತ್ತು. ಇಬ್ಬರಿಗೆ ಅಡುಗೆ ಮಾಡು ಎಂದರೆ ಆರು ಮಂದಿಗೆ ಮಾಡುತ್ತಾಳೆ. ಉಳಿದದ್ದನ್ನು ದಾರಿಹೋಕರನ್ನು ಕರೆದು ಕೂರಿಸಿ ಬಡಿಸುತ್ತಾಳೆ. ಹೊಟ್ಟೆ ತುಂಬಿದೆ ಎನ್ನುವವರ ಮಾತನ್ನು ಆಕೆ ಇಂದಿನವರೆಗೂ ನಂಬಿಲ್ಲ. ಈ ಗುಣದಿಂದ ಯಾರಿಗೂ ಕೆಡುಕಾಗಿರಲಿಲ್ಲ, ಹೋದ ವರ್ಷದ ಬೇಸಿಗೆಯವರೆಗೆ.

ಜೂರಾಲ ಡ್ಯಾಮಿನ ಹಿನ್ನೀರು ಸರಿದು ಕೃಷ್ಣೆಯ ಮರಳು ಬಯಲಾದ ಕೂಡಲೇ ಹಂಪಮ್ಮ ಅಲ್ಲಿ ಕಲ್ಲಂಗಡಿ, ಸೌತೆ ಹಾಕುತ್ತಾಳೆ. ಗಂಡ ಇದ್ದಾಗಲೂ ಈ ಕೆಲಸ ಆಕೆಯದೇ, ಗಂಡ ಹೋದ ಮೇಲೂ ಆಕೆಯದೇ. ಹೋದ ವರ್ಷ ಅವಳ ಸಾಲುಗಳ ಆಚೆ ಹೊಸ ನೆಂಟರು ಬಂದಿಳಿದರು. ಬೂದು ರೆಕ್ಕೆ, ಕಪ್ಪು ನೆತ್ತಿ, ಹಳದಿ ಕೊಕ್ಕು. ಪುಸ್ತಕದವರು ಅದನ್ನು ನದಿ ರೀವ ಎನ್ನುತ್ತಾರೆ. ಹಂಪಮ್ಮನಿಗೆ ಅದು ಬರೀ ಹೊಳೆಹಕ್ಕಿ. ಗೂಡು ಕಟ್ಟುವ ಉಸಾಬರಿಯೇ ಅದಕ್ಕಿಲ್ಲ. ಮರಳಿನಲ್ಲಿ ಒಂದು ಕುಳಿ ಮಾಡಿ ಎರಡೋ ಮೂರೋ ಮೊಟ್ಟೆ ಇಟ್ಟು ಬಿಸಿಲಲ್ಲಿ ಕೂತುಬಿಡುತ್ತದೆ.

ಗದ್ವಾಲದ ಕಾಲೇಜಿನಲ್ಲಿ ಪಾಠ ಹೇಳುವ ಉಮಾಶ್ರೀ ಬಂದು ಇಪ್ಪತ್ತೆರಡು ಗೂಡು ಎಣಿಸಿ ಹೋದಳು. ಹತ್ತು ವರ್ಷದಿಂದ ಈ ದಂಡೆಯಲ್ಲಿ ಇಷ್ಟು ಹಕ್ಕಿ ಕೂತಿರಲಿಲ್ಲವಂತೆ. ಆ ಹುಡುಗಿಯ ಖುಷಿ ನೋಡಿ ಹಂಪಮ್ಮನಿಗೂ ಹುರುಪೇರಿತು. ಎಳ್ಳಮಾವಾಸ್ಯೆಯಂದು ಬೆಳೆ ಹೊತ್ತ ಭೂತಾಯಿ ಬಸುರಿ ಎಂದು ಹೊಲದ ಸುತ್ತ ಅಡುಗೆ ಚೆಲ್ಲುತ್ತೇವಲ್ಲ, ಚರಗ, ಈ ಬಾಣಂತಿಯರಿಗೂ ಅದು ಬೇಡವೇ? ಬೆಳಗಿನ ಜಾವ ಎದ್ದು ಸಜ್ಜೆ ಕಡುಬು, ಜೋಳದ ಬಾನ, ಪುಂಡಿಪಲ್ಯ ಮಾಡಿದಳು. ಸೆರಗು ಹೊದ್ದು, ಒಂದು ಗೂಡನ್ನೂ ಬಿಡದೆ ಸುತ್ತಲೂ ಚೆಲ್ಲಿ, ಕೈಮುಗಿದು ಬಂದಳು.

ಅರ್ಧ ತಾಸಿನಲ್ಲಿ ಕಾಗೆ ಬಂದವು. ಮೊದಲು ಕಡುಬು ತಿಂದವು, ಆಮೇಲೆ ಮೊಟ್ಟೆ. ಹಂಪಮ್ಮ ಸೆರಗು ಬೀಸಿ, ಕೂಗಿ, ಮರಳೆರಚಿ ಓಡಾಡಿದಳು. ಈ ಕಡೆ ಓಡಿಸಿದರೆ ಆ ಕಡೆ ಇಳಿಯುತ್ತಿದ್ದವು. ಮರುದಿನವೂ ಬಂದವು. ಎರಡೇ ದಿನದಲ್ಲಿ ಇಪ್ಪತ್ತೆರಡೂ ಬರಿದಾದವು, ಹಕ್ಕಿಗಳು ಎದ್ದು ಹೋದವು.

ಪಕ್ಕದ ಸಾಲಿನ ಸಾಯಣ್ಣ, ಆ ಎರಡು ದಿನ ಊರಲ್ಲಿರದವನು, ಬಂದು ನೀರಂಚಿನಲ್ಲಿ ನಾಯಿ ಹೆಜ್ಜೆ ನೋಡಿದ. ಊರಿಗೆಲ್ಲ ಸಾರಿದ: "ಕುರುಮಯ್ಯನ ನಾಯಿ ತಿಂದಾವ. ಮತ್ತ್ಯಾರು ತಿಂತಾರ?"

ಕುರಿ ಕಾಯುವ ಕುರುಮಯ್ಯನ ಎರಡು ನಾಯಿ ದಿನವೂ ಅಲ್ಲಿ ನೀರು ಕುಡಿಯುತ್ತಿದ್ದವು, ಅಷ್ಟೇ. ಆತ ಊರ ಕಟ್ಟೆಯ ಮುಂದೆ ನಿಂತು ದೇವರಾಣೆ ಇಟ್ಟ. ಯಾರೂ ಕೇಳಲಿಲ್ಲ. ಹಂಪಮ್ಮ ಅಲ್ಲೇ ಇದ್ದಳು. ಬಾಯಿಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾದಳು. ಅಂದಿನಿಂದ ಕುರುಮಯ್ಯ ನಾಯಿಗಳನ್ನು ದೊಡ್ಡಿಯಲ್ಲಿ ಕಟ್ಟಿ, ಕುರಿಗಳನ್ನು ಎರಡು ಮೈಲಿ ಸುತ್ತಿಸಿ ಬೇರೆ ಕಡೆ ನೀರಿಗೆ ಹೊಡೆದುಕೊಂಡು ಹೋಗತೊಡಗಿದ. ದೊಡ್ಡಿಯ ಮುಂದೆ ಹಾಯುವಾಗಲೆಲ್ಲ ಹಂಪಮ್ಮ ತಲೆ ತಗ್ಗಿಸುತ್ತಿದ್ದಳು. ನನ್ನನ್ನು ಕೇಳಿದರೆ, ಆಕೆ ತಗ್ಗಿಸಬೇಕಾದದ್ದೇ.

ಈ ವರ್ಷ ಹಕ್ಕಿ ಬರುವುದಿಲ್ಲವೆಂದೇ ಆಕೆ ನಂಬಿದ್ದಳು. ಮಾರ್ಚಿನಲ್ಲಿ ಬಂದವು. ಆಕೆ ಕೂಡಲೇ ಅಕ್ಕಪಕ್ಕದ ಸಾಲಿನವರನ್ನೆಲ್ಲ ಕರೆದಳು. ಮರಳಿನ ಮೇಲೆ ಯಾರೂ ಬುತ್ತಿ ಬಿಚ್ಚಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಉಣ್ಣಬೇಕಾದರೆ ದಂಡೆ ಹತ್ತಿ ಜಾಲಿ ನೆರಳಿಗೆ ಹೋಗಬೇಕು. ರೊಟ್ಟಿಯ ಒಂದು ಚೂರು, ಕಲ್ಲಂಗಡಿಯ ಒಂದು ಸಿಪ್ಪೆ ಬಿದ್ದರೂ ಪುಟ್ಟಿಗೆ ಹಾಕಿ ಮೇಲೆ ಸಾಗಿಸಬೇಕು.

"ಉಣಿಸೋ ಹಂಪವ್ವ ಉಣ್ಣಬ್ಯಾಡ ಅಂತಾಳ, ಕಲಿಗಾಲ ಬಂತ್ರೆಪ್ಪೋ!" ಎಂದು ಸಾಯಣ್ಣ ನಕ್ಕ. ಆದರೂ ದಂಡೆ ಹತ್ತಿದ. ಆಕೆಯ ಬಾಯಿಗೆ ಅವನಿಗೂ ಹೆದರಿಕೆ.

ಗೂಡಿಗೆ ಹತ್ತಿರದ ನಾಲ್ಕು ಸಾಲುಗಳನ್ನು ಆಕೆ ಮುಟ್ಟಲೇ ಇಲ್ಲ. ಹಣ್ಣು ಬಿಸಿಲಿಗೆ ಒಡೆದವು. ಬೆಳಗ್ಗೆಯಿಂದ ಸಂಜೆಯವರೆಗೆ ದೂರದಲ್ಲಿ ಕೂತು ಕಾಗೆ ಕಾಯ್ದಳು. ಏಪ್ರಿಲ್ ಮೊದಲ ವಾರ ಮರಳಿನ ಬಣ್ಣದ ಮರಿಗಳು ಓಡಾಡತೊಡಗಿದವು, ಒಂದಲ್ಲ ಎರಡಲ್ಲ, ನಲವತ್ತಕ್ಕೆ ಮೇಲೆ. ಹಂಪಮ್ಮನಿಗೆ ಖುಷಿಯಾಯಿತು, ಆದರೆ ಅಂದೂ ಕುರುಮಯ್ಯನ ದೊಡ್ಡಿಯ ಮುಂದೆ ತಲೆ ತಗ್ಗಿಸಿಯೇ ಹಾಯ್ದಳು.

ಉಮಾಶ್ರೀ ಬಂದು ಎಣಿಸಿ ಕುಣಿದಾಡಿಬಿಟ್ಟಳು. "ಅಮ್ಮಾ, ಊರ ಸಭ್ಯಾಗ ನಿಮಗೆ ಶಾಲು ಹೊದಿಸ್ತೀವಿ. ನಿಮ್ಮ ಹೆಸರು ಬರ್ಕೊಂಡೀನಿ."

"ಬರೀಬ್ಯಾಡ್ರಿ ಟೀಚರಮ್ಮ," ಎಂದಳು ಹಂಪಮ್ಮ. "ಹೋದ ವರ್ಷ ಆ ತತ್ತಿ ಹಾಳಾಗಿದ್ದು ನನ್ನಿಂದ. ಚರಗ ಚೆಲ್ಲಿ ಕಾಗಿ ಕರೆದಾಕಿ ನಾನು. ನಾಯಿ ಮುಟ್ಟಿಲ್ರಿ."

ಉಮಾಶ್ರೀ ಬರೆಯುತ್ತಿದ್ದ ಪುಸ್ತಕ ಮುಚ್ಚಿದಳು. "ಇದನ್ನ ನೀವು ಹೇಳಬೇಕಾದ್ದು ನನಗಲ್ಲಮ್ಮಾ," ಎಂದಳು.

ಹಂಪಮ್ಮನಿಗೂ ಅದು ಗೊತ್ತಿತ್ತು. ಆ ಸಂಜೆಯೇ ಕುರುಮಯ್ಯನ ದೊಡ್ಡಿಗೆ ಹೋದಳು. ಕಟ್ಟಿದ ನಾಯಿಗಳೆರಡೂ ಬೊಗಳಿದವು. ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಒಂದು ಮಾತನ್ನೂ ಮುಚ್ಚಿಡಲಿಲ್ಲ.

ಕುರುಮಯ್ಯ ಕೋಲಿನಿಂದ ನೆಲ ಕೆರೆದ. "ವರ್ಷದ ಮ್ಯಾಲಾತು ತಂಗೆವ್ವ. ಮಂದಿ ನನ್ನ ಮಾತು ನಂಬಲಿಲ್ಲ. ನೀ ನೋಡ್ಕೋಂತ ನಿಂತಿದ್ದಿ."

"ನಿಂತಿದ್ದೆ ಅಣ್ಣಾ. ತಪ್ಪಾತು."

"ನೀ ಅವತ್ತಽ ಹೇಳಿದ್ರ ನಾ ನಾಯಿ ಕಟ್ತಿದ್ದಿಲ್ಲ," ಎಂದು ಆತ ನಾಯಿಗಳತ್ತ ನೋಡಿದ. "ಕಟ್ಟದಿದ್ರ ಈ ಸಲ ಒಂದು ಮರೀನೂ ಉಳೀತಿದ್ದಿಲ್ಲ. ಇವು ಅಷ್ಟೇನು ಸತ್ಯವಂತ ನಾಯಿ ಅಲ್ಲ." ಹಂಪಮ್ಮ ತುಸು ನಕ್ಕಳು. ಆತ ನಗಲಿಲ್ಲ. "ಹಂಗಂತ ನಿನ್ನ ತಪ್ಪು ಹೋಗಂಗಿಲ್ಲ ಮತ್ತ."

"ಹೋಗಂಗಿಲ್ಲಣ್ಣಾ."

ಸಭೆಯ ದಿನ ಶಾಲು ಹೊದಿಸಲು ಕರೆದಾಗ ಹಂಪಮ್ಮ ಎದ್ದು ನಿಂತು, ದೊಡ್ಡಿಯಲ್ಲಿ ಹೇಳಿದ್ದನ್ನೇ ಊರ ಮುಂದೆ ಹೇಳಿದಳು. ಆಮೇಲೆ ಶಾಲನ್ನು ತಾನೇ ಒಯ್ದು ಕುರುಮಯ್ಯನ ಹೆಗಲಿಗೆ ಹಾಕಿದಳು. ಸಾಯಣ್ಣ ಚಪ್ಪಲಿ ಹುಡುಕುವ ನೆವದಲ್ಲಿ ತಲೆ ಬಗ್ಗಿಸಿದ.

ಮರುದಿನ ಬೆಳಗ್ಗೆ ಹಂಪಮ್ಮ ಒಣಬಳ್ಳಿ ಕೀಳುತ್ತಿದ್ದಾಗ ಗಂಟೆಯ ಸದ್ದು ಕೇಳಿಸಿತು. ಕುರುಮಯ್ಯನ ಕುರಿಗಳು ಹಳೆಯ ದಾರಿಯಲ್ಲೇ ಹೊಳೆಗೆ ಇಳಿಯುತ್ತಿದ್ದವು. ಕುರಿಗಳ ಹಿಂದೆ ಆತ, ಎರಡೂ ನಾಯಿಗಳ ಹಗ್ಗ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ಹಾರಲು ಕಲಿಯದ ಮರಿ ಇನ್ನೂ ಎರಡು ಮೂರು ಉಳಿದಿದ್ದವು.

"ಎಲ್ಲಿತನಕ ಬರಬಹುದು, ಹೇಳವ್ವಾ!" ಎಂದು ಆತ ದೂರದಿಂದಲೇ ಕೂಗಿ ಕೇಳಿದ.

ಹಂಪಮ್ಮ ಕೈಯಲ್ಲಿದ್ದ ಒಣಬಳ್ಳಿ ಕೆಳಗಿಟ್ಟಳು. ಕೈಯೆತ್ತಿ, ಅಲ್ಲಿಯವರೆಗೆ ಬಾ ಎಂದು ತೋರಿಸಿದಳು.