ಕೊಂಡವಾಡ ಸೇರಿದ ನಮ್ಮ ಮನೆಯ ಎಮ್ಮೆಗಳು

ಗೊಬ್ಬೂರಿನಿಂದ ನಿಂಬರ್ಗಾಕ್ಕೆ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ, ನಿಜಾಮರ ಆಳ್ವಿಕೆ ಮುಗಿಯಿತು. ಹಳೆಯ ಸರಕಾರ ಹೋಗಿತ್ತು, ಹೊಸದು ನಮ್ಮ ಊರಿನ ತನಕ ಬಂದಿರಲಿಲ್ಲ. ಬೆಳೆ ಮೇಯ್ದ ದನಗಳನ್ನು ಕೂಡಿಹಾಕಿ ದಂಡ ಕಟ್ಟಿಸಿಕೊಳ್ಳುತ್ತಿದ್ದ ಕೊಂಡವಾಡದ ಕಾರಕೂನ ಆಳಂದಕ್ಕೆ ಹೋದವನು ತಿರುಗಿ ಬರಲಿಲ್ಲ.

ಜನ ಬದಲಾದ ವೇಗ ನೆನೆದರೆ ನನಗೆ ಈಗಲೂ ಬೆರಗು. ಬದುವಿನಾಚೆ ಕರುವನ್ನೂ ಬಿಡದಿದ್ದವರು ಹಿಂಡನ್ನೇ ಬಿಡತೊಡಗಿದರು. ಕೆಟ್ಟವರೇನಲ್ಲ. "ಈಗ ದಂಡ ಹಾಕಾವ್ರು ಯಾರದಾರ?" ಎಂಬ ಮಾತು ಮಾತ್ರ ಎಲ್ಲರ ಬಾಯಲ್ಲೂ ಇತ್ತು.

ನಮ್ಮ ಹೊಲದ ಪಕ್ಕದಲ್ಲಿ ಒಬ್ಬ ವಿಧವೆಯ ತೊಗರಿ ಇತ್ತು. ಒಂದು ಬೆಳಿಗ್ಗೆ ಬುತ್ತಿ ಹೊತ್ತು ಹೋಗುವಾಗ ಅದರೊಳಗೆ ಎಮ್ಮೆಗಳು ಮೇಯುತ್ತಿದ್ದವು. ನಮ್ಮವೇ. ನಮ್ಮ ಆಳು ಬದುವಿನ ಮೇಲೆ ಬೀಡಿ ಸೇದುತ್ತ ಕೂತಿದ್ದ.

"ದೊಡ್ಡ ಧಣ್ಯಾರೇ ಬಿಡು ಅಂದಾರ್ರಿ," ಅಂದ. ದೊಡ್ಡ ಧಣಿ ಅಂದರೆ ನನ್ನ ಮಾವನ ಅಣ್ಣ, ಮನೆಯ ಯಜಮಾನರು.

ತೊಗರಿಯೊಡತಿ ಆ ಹೆಂಗಸು ಬದುವಿನ ಬದಿಗೆ ನಿಂತಿದ್ದಳು. "ಯಾರ ಮುಂದ ಹೇಳ್ಲಿ ಯವ್ವಾ?"

"ಬಾ ಅಕ್ಕಾ, ಹೊಡ್ಕೊಂಡು ಹೋಗೂಣು," ಅಂದೆ. ಇಬ್ಬರೂ ಕೂಡಿ ಎಮ್ಮೆಗಳನ್ನು ನಡುಬೀದಿಯಲ್ಲೇ ಹೊಡೆದುಕೊಂಡು ಹೋಗಿ ಕೊಂಡವಾಡದೊಳಗೆ ನೂಕಿ ಬಾಗಿಲು ಹಾಕಿದೆವು. ಕಟ್ಟೆಯ ಮೇಲಿದ್ದ ಗಂಡಸರು ಎದ್ದು ನಿಂತು ನೋಡಿದರು.

ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ದೊಡ್ಡ ಮಾವನವರು ಪಡಸಾಲೆಯಲ್ಲಿ ಕೂತಿದ್ದರು.

"ನಮ್ಮ ಎಮ್ಮಿ ನೀನೇ ಕೊಂಡವಾಡಕ್ಕ ಹಾಕೀಯಂತಲ್ಲವಾ?"

ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಾಗಿಲ ಮರೆಯಿಂದ ಹೇಳಿದೆ: "ಹೌದ್ರಿ ಮಾವಾರ. ಆಕಿ ತೊಗರಿ ಮೇಯಾಕತ್ತಿದ್ವು."

"ಸರಕಾರನೇ ಇಲ್ಲ, ಕಾಯ್ದೆ ಎಲ್ಲಿಂದ ಬಂತು?"

"ಸರಕಾರ ಹೋಗ್ಯದ್ರಿ, ಆಕಿ ಹೊಲ ಎಲ್ಲಿ ಹೋಗ್ಯದ? ನಾಳಿಗಿ ನಮ್ಮ ಹೊಲದಾಗ ಮಂದಿ ದನ ಬಿದ್ರ ನಾವು ಯಾರಿಗಿ ಹೇಳೂಣ್ರಿ?"

ಸರಿ ಯಾವುದೆಂದು ನನಗೆ ಗೊತ್ತಿತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತು, ಹಿಟ್ಟಿನ ಕೈಯಲ್ಲೇ ಅತ್ತೆ ಹೊರಗೆ ಬಂದರು.

"ಹಾಲು ಹಿಂಡೂ ಹೊತ್ತಿಗಿ ಎಮ್ಮಿ ಮನ್ಯಾಗ ಇರಬೇಕ್ರಿ. ಏನು ಮಾಡ್ತೀರಿ, ಲಗೂ ಹೇಳ್ರಿ," ಅಂದರು.

ದೊಡ್ಡ ಮಾವನವರು ಎದ್ದು ರುಮಾಲು ಸುತ್ತಿಕೊಂಡು ತಾವೇ ಕೊಂಡವಾಡಕ್ಕೆ ನಡೆದರು. ಬಾಗಿಲಲ್ಲಿ ಆ ಹೆಂಗಸು ಕೂತಿದ್ದಳು, ಸುತ್ತ ಅರ್ಧ ಊರು ನಿಂತಿತ್ತು. ಅವರು ಸೊಂಟದ ಚೀಲಕ್ಕೆ ಕೈ ಹಾಕಿದರು.

"ರೊಕ್ಕ ಬ್ಯಾಡ್ರಿ ಧಣ್ಯಾರ," ಅಂದಳು ಆಕೆ. "ತೊಗರಿ ಹೋದ ಜಾಗಾದಾಗ ಜ್ವಾಳ ಬಿತ್ತಿ ಕೊಡ್ರಿ."

ಅವರು ಚೀಲದಿಂದ ಕೈ ತೆಗೆದರು. "ಹದಾ ಬರ್ಲಿ, ಕೂರಿಗಿ ತರ್ತೇನಿ," ಅಂದರು.

ಮಳೆ ಬಿಟ್ಟು ಭೂಮಿ ಹದಕ್ಕೆ ಬಂದಾಗ ಆಳಿನ ಕೈಗೆ ಕೊಡದೆ ತಾವೇ ಕೂರಿಗೆಗೆ ಎತ್ತು ಹೂಡಿ ಬಿತ್ತಿ ಬಂದರು. ನನ್ನೊಡನೆ ಮಾತ್ರ ಒಂದಿಷ್ಟು ದಿನ ಮಾತಾಡಲಿಲ್ಲ. ನನಗೆ ಅದರಿಂದ ನೋವಾಗಲಿಲ್ಲ.

ಆಮೇಲೆ ಅವರಷ್ಟು ಬಿಗಿಯಾದ ಕಾವಲುಗಾರ ಊರಲ್ಲೇ ಇರಲಿಲ್ಲ. ಸಂಜೆಯಾದರೆ ಕೊಂಡವಾಡದ ಗೋಡೆಯ ಮೇಲೆ ಹೋಗಿ ಕೂಡುತ್ತಿದ್ದರು. ಸ್ವಂತ ಅಳಿಯನ ಹೋರಿಯನ್ನೂ ಹಾಕಿಸಿದರು. "ನನಗೇ ಬಿಟ್ಟಿಲ್ಲ, ನಿನಗ ಬಿಡ್ತಾರೇನಲೇ?" ಎಂದು ದನ ಬಿಟ್ಟವರನ್ನು ಗದರುತ್ತಿದ್ದರು. ಜನ ನಕ್ಕರು, ಆದರೆ ದನ ಕಟ್ಟಿದರು. ನಾನು ಕಂಡಂತೆ ಕಟ್ಟಳೆಯನ್ನು ಯಾರೂ ದ್ವೇಷಿಸಿರಲಿಲ್ಲ. ಪಕ್ಕದವನು ಪಾಲಿಸುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದರು, ಅಷ್ಟೇ.

ಚಳಿಗಾಲದಲ್ಲಿ ಹೊಸ ಕಾರಕೂನ ಬಂದ. ದೊಡ್ಡ ಮಾವನವರು ಅವನನ್ನು ಮನೆಗೆ ಕರೆದು ಊಟಕ್ಕೆ ಕೂಡಿಸಿ, ಯಾರ ದನ ಯಾವ ಹೊಲಕ್ಕೆ ನುಗ್ಗುತ್ತದೆಂದು ರೊಟ್ಟಿ ಆರುವ ತನಕ ವಿವರಿಸಿದರು.