ಅಕ್ಕ ಆಕಾಶದಲ್ಲಿ, ಕಸ ಮನೆಯಲ್ಲಿ

ನಮ್ಮವ್ವನಿಗೆ ಒಂದು ನೇಮವಿತ್ತು. ಮನೆಯಿಂದ ಯಾರಾದರೂ ಊರಿಗೆ ಹೊರಟರೆ, ಅವರು ಹೋಗಿ ತಲುಪುವವರೆಗೂ ಯಾರೂ ಕಸಬರಿಗೆ ಮುಟ್ಟುವಂತಿಲ್ಲ. ಗುಡಿಸಿದರೆ ಹೋದವರನ್ನೇ ಗುಡಿಸಿ ಹಾಕಿದಂತೆ. ಮಸ್ಕಿಗೋ ಲಿಂಗಸುಗೂರಿಗೋ ಹೋದರೆ ಅಡ್ಡಿಯಿಲ್ಲ, ಮಧ್ಯಾಹ್ನದೊಳಗೆ ಮನೆ ಚೊಕ್ಕಟವಾಗುತ್ತಿತ್ತು. ಆದರೆ ಅಕ್ಕ ಗಂಡನ ಜೊತೆ ಹೊರಟದ್ದು ನೈರೋಬಿಗೆ. ರಾಯಚೂರಿನಿಂದ ರೈಲು, ಮುಂಬಯಿಯಿಂದ ವಿಮಾನ.

ಕಾಲುವೆ ನೀರಿನ ಹಿಂದೆ ನಮ್ಮ ಸಿಂಧನೂರಿಗೆ ಭತ್ತ ಬಂತು, ಭತ್ತದ ಹಿಂದೆ ರೈಸ್ ಮಿಲ್ಲು ಬಂತು, ಮಿಲ್ಲಿನ ಹೊಟ್ಟು ಪೂರಾ ನಮ್ಮ ಪಡಸಾಲೆಗೆ ಬಂತು. ಅಕ್ಕ ಹೋದ ಮೂರನೆಯ ದಿನ ನೆಲ ಕಾಲಡಿಯಲ್ಲಿ ಚರಚರ ಎನ್ನುತ್ತಿತ್ತು. ಅವತ್ತೇ ನಡುಹೊತ್ತಿಗೆ ಅವಳ ವಿಮಾನ. ಅವತ್ತೇ ಸಂಜೆ ಲಿಂಗಸುಗೂರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬಾಯಿ ಜೋರೆಂದು ನನಗೆ ಆಗಲೇ ಎರಡು ಸಂಬಂಧ ತಪ್ಪಿದ್ದವು. ಇದೂ ಹೋದರೆ ನನ್ನನ್ನು ಆ ಮಿಲ್ಲಿಗೇ ಧಾರೆ ಎರೆಯಬೇಕಿತ್ತು.

ಪಕ್ಕದ ಮನೆಯ ಮಾಸ್ತರರನ್ನು ಎಳೆದುತಂದೆ. ಅವರು ನಕಾಶೆಯ ಮೇಲೆ ದಾರ ಹಿಡಿದು ಅಳೆದರು.

"ದಿಲ್ಲಿಗೆ ಮೂರು ಸರ್ತಿ ಹೋದಷ್ಟು ದೂರ ಐತ್ರಿ, ನಡುವ ಪೂರಾ ಸಮುದ್ರ. ಆರೇಳು ತಾಸು ಬೇಕು. ದೀಪ ಹಚ್ಚೋ ಹೊತ್ತಿಗೆ ಇಳೀತಾರ."

"ದೀಪ ಹಚ್ಚಿದ ಮ್ಯಾಲೆ ಕಸ ಹೊಡದ್ರ ಲಕ್ಷ್ಮಿ ಹೋಗ್ತಾಳ," ಎಂದಳು ಅವ್ವ.

"ಅಲ್ಲಿ ಆಗ ಇನ್ನೂ ಬಿಸಲು ಇರ್ತೈತ್ರೀ."

ನಾನು ತಟ್ಟನೆ ಹಿಡಿದುಕೊಂಡೆ. "ಹಂಗಾದ್ರ ಅಲ್ಲಿ ಹೊತ್ತಿಗೆ ಹೊಡಿಯೂಣು!"

"ನೀ ಅಲ್ಲೇ ಹೋಗಿ ಹೊಡಿ ಬೇ," ಎಂದಳು ಅವ್ವ.

ಇನ್ನು ಗಂಡಿನ ಕಡೆಯವರು ಬರುವ ಬಸ್ಸಿನ ಮೇಲೆಯೇ ಭಾರ. ಅದು ಮಸ್ಕಿಯಲ್ಲಿ ನಿಂತರೆ ಡ್ರೈವರನ ಮಿರ್ಚಿ ಭಜಿ ಮುಗಿಯದೆ ಹೊರಡುತ್ತಿರಲಿಲ್ಲ. ಕತ್ತಲಾದ ಮೇಲೆ ಬಂದರೆ ಕಂದೀಲಿನ ಬೆಳಕಿನಲ್ಲಿ ಹೊಟ್ಟು ಕಾಣಲಿಕ್ಕಿಲ್ಲ ಎಂದು ನನ್ನ ಆಸೆ. ಆ ದರಿದ್ರ ಬಸ್ಸು ಹುಟ್ಟಿದಾಗಿನಿಂದ ಮೊದಲ ಸಲ ಹೊತ್ತಿಗೆ ಸರಿಯಾಗಿ ಬಂತು.

ಓಣಿಯ ತುದಿಯಲ್ಲಿ ಅವರು ಕಂಡದ್ದೇ ನಾನು ಕಸಬರಿಗೆ ಎತ್ತಿದೆ. ಅವ್ವ ಕಸಿದುಕೊಂಡಳು.

"ಹೊಳ್ಳಿ ಹೋದ್ರ ಹೋಗ್ಲಿ. ನನ್ನ ಮಗಳು ಸಮುದ್ರದ ಮ್ಯಾಲದಾಳ."

"ಮತ್ತ ನಾ ಯಾರ ಮಗಳು?"

ಅವ್ವ ಕಸಬರಿಗೆಯನ್ನು ಬೆನ್ನ ಹಿಂದೆ ಸರಿಸಿ ಬಾಗಿಲ ಕಡೆ ತಿರುಗಿದಳು. ಅಕ್ಕ ತಲುಪುವುದೇ ಬೇಡ ಎನ್ನುವಷ್ಟು ಹೊಟ್ಟೆ ಉರಿಯಿತು. ಹಾಗೆ ಅಂದುಕೊಂಡದ್ದಕ್ಕೆ ಮರುಕ್ಷಣವೇ ಜೀವ ಹೌಹಾರಿತು.

ಗಂಡಿನ ತಾಯಿ ಎಲ್ಲರಿಗಿಂತ ಮೊದಲು ಒಳಗೆ ಕಾಲಿಟ್ಟರು. ಚರಚರ ಸದ್ದಾಯಿತು. ನಿಂತರು. ನೆಲ ನೋಡಿದರು, ಅವ್ವ ಬೆನ್ನ ಹಿಂದೆ ಬಚ್ಚಿಟ್ಟಿದ್ದ ಕಸಬರಿಗೆಯನ್ನೂ ನೋಡಿದರು.

"ಯಾರು ಹೋಗ್ಯಾರವಾ?"

"ದೊಡ್ಡ ಮಗಳ್ರೀ. ವಿಮಾನದಾಗ ಅದಾಳ," ಎನ್ನುವಷ್ಟರಲ್ಲಿ ಅವ್ವನ ದನಿ ಒಡೆಯಿತು.

ಆಕೆ ಸೆರಗು ಸಾವರಿಸಿಕೊಂಡು ಹೊಟ್ಟಿನ ಮೇಲೆಯೇ ಕೂತರು. ಗರಿಗರಿ ಧೋತರ ಉಟ್ಟು ಬಾಗಿಲಲ್ಲೇ ಅನುಮಾನಿಸುತ್ತಿದ್ದ ಗಂಡಸರಿಗೆ, "ಕುಂದರ್ರಿ ಸುಮ್ಮನ," ಎಂದರು. ಆಮೇಲೆ ಅವ್ವನ ಕೈ ಹಿಡಿದು, "ಮುಟ್ಟಿದ ಸುದ್ದಿ ಬರೂತನ ಹೊಡೀಬ್ಯಾಡ್ರಿ," ಎಂದರು.

ಅಕ್ಕ ಸುಖವಾಗಿ ತಲುಪಿದ ತಂತಿ ಬಂದದ್ದು ಎರಡು ದಿನ ಬಿಟ್ಟು. ಆದರೆ ಆ ಸಂಜೆಯೇ, ಹುಡುಗನ ಮುಖವನ್ನು ನಾನಿನ್ನೂ ಸರಿಯಾಗಿ ನೋಡಿರಲಿಲ್ಲ, ಕಪ್ಪೋ ಕೆಂಪೋ ಗೊತ್ತಿರಲಿಲ್ಲ. ಈ ಹೆಂಗಸಿನ ಮನೆಗೇ ಸೊಸೆಯಾಗಿ ಹೋಗುತ್ತೇನೆ ಎಂದು ಚಹಾದ ತಾಟು ಹಿಡಿದು ನಿಂತಲ್ಲೇ ಗಟ್ಟಿ ಮಾಡಿಕೊಂಡೆ.