ಅವಳ ಪರವಾಗಿ ನಾನು ಆಡುತ್ತಿದ್ದ ಮಾತು

ಶಿಗ್ಗಾಂವಿಯ ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನನ್ನ ಗೆಳತಿ ಮೀಟಿಂಗುಗಳಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವಳ ಮಾತನ್ನೂ ನಾನೇ ಆಡುತ್ತಿದ್ದೆ. ನಾನು ಹಾನಗಲ್ಲಿನಲ್ಲಿ ಬಸ್ ಹತ್ತಿದರೆ ಅವಳು ಬಂಕಾಪುರದಲ್ಲಿ ಹತ್ತುತ್ತಾಳೆ. ಶಿಗ್ಗಾಂವಿ ಮುಟ್ಟುವುದರೊಳಗೆ ಮನೆಯದು, ಕಾಲೇಜಿನದು ಎಲ್ಲ ಹೇಳಿಬಿಡುತ್ತಿದ್ದಳು. ಮೀಟಿಂಗಿನಲ್ಲಿ ನಾನು ಎದ್ದು, ‘ನಮ್ಮಿಬ್ಬರ ಅಭಿಪ್ರಾಯನೂ ಇದ ರೀ’ ಎಂದರೆ ಅವಳು ತಲೆಯಾಡಿಸುತ್ತಿದ್ದಳು. ಸ್ವಭಾವವೇ ಹಾಗೆ ಎಂದು ನಾನು ತಿಳಿದಿದ್ದೆ. ನನಗಿಂತ ಸಣ್ಣವಳು, ನನ್ನನ್ನು ಅಕ್ಕಾ ಎನ್ನುತ್ತಾಳೆ.

ಆ ವರ್ಷ ಸವಣೂರಿನಿಂದ ಸಮಾಜಶಾಸ್ತ್ರಕ್ಕೆ ಹೊಸ ಉಪನ್ಯಾಸಕಿ ಬಂದಳು. ಅದೇ ಹೊತ್ತಿಗೆ ಕಾಲೇಜನ್ನು ಪರಿಶೀಲಿಸಲು ತಂಡವೊಂದು ಬರುವುದಿತ್ತು. ಸಿಬ್ಬಂದಿಯವರೆಲ್ಲ ಒಪ್ಪಿ ನಡೆಯುವ ಮೌಲ್ಯಗಳು ಯಾವುವೆಂದು ಗೊತ್ತುಮಾಡಿ ಬೋರ್ಡ್ ಬರೆಸಬೇಕೆಂದು ಪ್ರಿನ್ಸಿಪಾಲರು ಹೇಳಿದರು. ನಾನು ಕನ್ನಡದವಳು. ಆಮಂತ್ರಣ, ಅಭಿನಂದನ ಪತ್ರ, ವಾರ್ಷಿಕ ಸಂಚಿಕೆ, ಬರೆಯುವುದೇನಿದ್ದರೂ ನನ್ನ ಕಡೆಗೇ ಬರುತ್ತಿತ್ತು. ಈ ಸಲ ಆ ಹೊಸಬಳಿಗೆ ಹೋಯಿತು.

‘ನೀವು ಭಾಷಾ ಅಷ್ಟ ನೋಡಿಕೊಡ್ರಿ ಮೇಡಂ’ ಎಂದರು ಪ್ರಿನ್ಸಿಪಾಲರು.

ಶನಿವಾರ ಪಾಠ ಮುಗಿದ ಮೇಲೆ ಗ್ರಂಥಾಲಯದಲ್ಲಿ ಸಭೆ ಸೇರಿತು. ಹೊಸಬಳು ಕುರ್ಚಿಗಳನ್ನು ಸುತ್ತಲೂ ಹಾಕಿಸಿದ್ದಳು. ನಾನು ಮನೆಯಿಂದಲೇ ಸಿದ್ಧಳಾಗಿ ಹೋಗಿದ್ದೆ. ಸತ್ಯನಿಷ್ಠೆ, ಶಿಸ್ತು, ಸೇವಾಭಾವ ಎಂದು ಓದಿದೆ. ಎಲ್ಲರೂ ಚಲೋ ಐತಿ ಎಂದರು. ಹೊಸಬಳೂ ಚಲೋ ಐತಿ ಎಂದಳು. ಆಮೇಲೆ, ‘ಶಬ್ದ ಕಡೀಕ ಆರಸೂಣ್ರಿ. ಇಲ್ಲೆ ಕೆಲಸ ಮಾಡೂವಾಗ ನಿಮ್ಮ ಮನಸ್ಸಿಗೆ ಹತ್ತಿದ್ದು ಏನರ ಇದ್ರ ಮೊದಲ ಹೇಳ್ರಿ’ ಎಂದಳು.

ಯಾರೂ ಮಾತಾಡಲಿಲ್ಲ. ನಾನು ಒಳಗೊಳಗೇ ಖುಷಿಪಟ್ಟೆ. ಅಷ್ಟರಲ್ಲಿ ನನ್ನ ಬಾಜೂಕ್ಕೆ ಕುಳಿತಿದ್ದ ಗೆಳತಿ ಎದ್ದು ನಿಂತಳು.

‘ನಾ ಹೊಸದಾಗಿ ಬಂದಾಗ ಒಂದು ಮೀಟಿಂಗಿನ್ಯಾಗ ಇಂಗ್ಲಿಷಿನ್ಯಾಗ ಮಾತಾಡಿದ್ದೆ. ಒಂದು ಶಬ್ದ ತಪ್ಪಿತ್ರಿ. ಆಗಿದ್ದ ಹಿರಿಯರೊಬ್ರು ಹಂಗ ಅಣಕಿಸಿದ್ರು, ಎಲ್ಲಾರೂ ನಕ್ರು. ಅವತ್ತಿನಿಂದ ನಾ ಮೀಟಿಂಗಿನ್ಯಾಗ ಮಾತಾಡಿಲ್ಲ.’ ಉಸಿರು ತೆಗೆದುಕೊಂಡು ನನ್ನ ಹಾಳೆಯ ಕಡೆ ನೋಡಿದಳು. ‘ಶಿಸ್ತು ಅಂತ ಬರಿಯೂದು ಬ್ಯಾಡ್ರಿ. ಇಲ್ಲೆ ಶಿಸ್ತು ಅಂದ್ರ ಸಣ್ಣವರು ಸುಮ್ಮ ಕುಂದರೂದು ಅಂತ ಆಗೇತಿ. ಯಾರ ಮಾತಾಡಿದ್ರೂ ನಗಬಾರದು ಅಂತ ಬರೀರಿ.’

ಅದು ನಾನು ಈ ಕಾಲೇಜಿಗೆ ಸೇರುವ ಮೊದಲಿನ ಸಂಗತಿ. ಆ ಹಿರಿಯರು ನಿವೃತ್ತರಾಗಿ ಹೋಗಿದ್ದರು. ಗೆಳತಿಯ ಬಗ್ಗೆ ನನಗೆ ಮೊದಲು ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ನಾನು ಹೊಸಬಳ ಮುಖ ನೋಡಿದೆ. ಅಲ್ಲಿ ಅಚ್ಚರಿ ಇರಲಿಲ್ಲ. ಅವಳಿಗೆ ಇದು ಮೊದಲೇ ಗೊತ್ತಿತ್ತು. ನನ್ನ ಹಾಳೆಯನ್ನು ಮಡಚಿ ಬ್ಯಾಗಿಗೆ ತುರುಕಿದೆ.

ಸಂಜೆ ಬಸ್ಸಿನಲ್ಲಿ ಕೇಳಿಯೇಬಿಟ್ಟೆ.

‘ಆಕಿಗೆ ಮೊದಲ ಹೇಳಿದ್ದೇನ?’

‘ಹೂಂ. ಹೋದ ವಾರ ಹೇಳಿದ್ದೆ.’

‘ಇಷ್ಟು ವರ್ಷ ಬಾಜೂ ಕುಂತು ಬಂದೇನಿ. ನನಗ ಯಾಕ ಹೇಳಲಿಲ್ಲ?’

ಅವಳು ಕಿಟಕಿಯ ಕಡೆ ತಿರುಗಿದಳು. ‘ನಿಮಗ ಹೇಳಿದ್ರ ನನ್ನ ಪರವಾಗಿ ನೀವ ಎದ್ದು ಜಗಳಾ ತಗೀತಿದ್ರಿ ಅಕ್ಕಾ. ಅದನ್ನ ನಾನ ಹೇಳಬೇಕಾಗಿತ್ತು.’

ಬಂಕಾಪುರದಲ್ಲಿ ‘ಬರ್ತೇನಿ ಅಕ್ಕಾ’ ಎಂದು ಇಳಿದಳು. ಹಾನಗಲ್ಲಿನವರೆಗೂ ಆ ಸವಣೂರಿನವಳನ್ನು ಮನಸ್ಸಿನಲ್ಲೇ ಬೈದುಕೊಂಡು ಹೋದೆ. ಬಂದು ಒಂದು ವರ್ಷವೂ ಆಗಿಲ್ಲ, ನನಗೆ ಸಿಗದದ್ದು ಅವಳಿಗೆ ಸಿಕ್ಕಿತ್ತು.

ಸೋಮವಾರ ಆ ಹೊಸಬಳೇ ಬೋರ್ಡಿನ ಕರಡು ತಂದು ನನ್ನ ಮುಂದಿಟ್ಟಳು. ‘ಯಾರು ಮಾತನಾಡಿದರೂ ನಗದೆ ಕೇಳುತ್ತೇವೆ’ ಎಂಬುದು ಮೊದಲನೆಯ ಸಾಲು.

‘ಬರೋಬ್ಬರಿ ಐತೇನ್ರಿ ಮೇಡಂ?’

ತಪ್ಪು ಹುಡುಕಿದೆ. ಸಿಗಲಿಲ್ಲ. ಆದರೂ, ‘ನಗದೆ ಅನ್ನೂದು ಲಗೂನ ಓದಿದ್ರ ನಗದು ಅಂದಂಗ ಕಾಣತೈತಿ’ ಎಂದೆ. ಅವಳು ಅದನ್ನು ನಿಜವೆಂದೇ ನಂಬಿ ಯೋಚಿಸಿ, ‘ಅಣಕಿಸದೆ ಅಂದ್ರ?’ ಎಂದಳು. ಆ ಶಬ್ದ ಮೊದಲಿನದಕ್ಕಿಂತ ಚಲೋ ಇತ್ತು. ಅದೂ ಅವಳಿಗೇ ಹೊಳೆಯಬೇಕೇ ಎಂದು ಮತ್ತಷ್ಟು ಉರಿಯಿತು. ಆಗಲಿ ಎಂದು ಸಹಿ ಹಾಕಿದೆ.

ತಂಡ ಬಂದ ದಿನ ಆ ಬೋರ್ಡಿನ ಬಗ್ಗೆ ಹೇಳಲು ಪ್ರಿನ್ಸಿಪಾಲರು ನನ್ನ ಗೆಳತಿಯನ್ನೇ ನಿಲ್ಲಿಸಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಅವಳು ಒಂದು ಕಡೆ ತಡವರಿಸಿದಳು. ಮುಂದಿನ ಮಾತು ನನ್ನ ಬಾಯಿಗೆ ಬಂದಿತ್ತು, ಆದರೆ ಅವಳು ಅದನ್ನು ಬಿಟ್ಟು ಬೇರೆಯೇ ಏನೋ ಹೇಳಿದಳು. ಯಾರೂ ನಗಲಿಲ್ಲ. ತಂಡದ ಹಿರಿಯರೊಬ್ಬರು ಪ್ರಶ್ನೆ ಕೇಳಿದರು, ಅದಕ್ಕೂ ತಾನೇ ಉತ್ತರ ಕೊಟ್ಟಳು.

ಹೊರಗೆ ಬಂದು, ‘ಹೆಂಗಾತ್ರಿ ಅಕ್ಕಾ?’ ಎಂದಳು. ಮುಖ ಬೆವೆತಿತ್ತು.

‘ಚಲೋ ಮಾತಾಡಿದಿ. ಇನ್ನಷ್ಟು ಜೋರಾಗಿ ಮಾತಾಡಬೇಕಿತ್ತು.’

‘ಮುಂದಿನ ಸಲ’ ಎಂದು ನಕ್ಕು, ಅವಳು ಹೊಸಬಳ ಕಡೆ ಹೋದಳು. ಆ ಹೊಸಬಳು ತನ್ನೂರಿನ ಹೆಸರಾದ ಕುರುಕಲು, ಸವಣೂರು ಖಾರಾ ಕಟ್ಟಿಸಿಕೊಂಡು ಬಂದಿದ್ದಳು. ಇಬ್ಬರೂ ಪೊಟ್ಟಣ ಬಿಚ್ಚಿ ಕಟ್ಟೆಯ ಮೇಲೆ ಕುಳಿತು, ಬರ್ರಿ ಎಂದು ನನ್ನನ್ನು ಕರೆದರು. ಹೋದೆ. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡೆ. ಬಹಳ ರುಚಿಯಾಗಿತ್ತು. ಹಾಗೆಂದು ನಾನು ಹೇಳಲಿಲ್ಲ.